ಮಕ್ಕಳಿಗೆ ಲ್ಯಾಟಿನ್ ಏಕೆ?



1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ದೇವಾರಾಧನೆಯಲ್ಲಿ ಜನಭಾಷೆಗೆ ದಾರಿ ತೆರೆಯುವ ಮುನ್ನ, ಪೀಠಬಾಲಕರಾಗಿದ್ದ ನಾವು ಬಲಿಪೂಜೆಯ ಲ್ಯಾಟಿನ್ ಉತ್ತರಗಳನ್ನು ಗಿಳಿಗಳಂತೆ ಒಪ್ಪಿಸುತ್ತಿದ್ದೆವು. ಅರ್ಥವನ್ನು ಯಾರೂ ಕಲಿಸಲಿಲ್ಲ. 'ಕೀರಿಯೆ' ಗ್ರೀಕ್ ಪದವೆಂಬುದೂ ನಮಗೆ ತಿಳಿದಿರಲಿಲ್ಲ! ಆ ಕೊರಗು ಇಂದಿಗೂ ಉಳಿದಿದೆ. ಆದುದರಿಂದಲೇ ಶಾಲೆಯಲ್ಲಿ ಈ ಭಾಷೆಯನ್ನು ಅರ್ಥಸಹಿತ ಕಲಿಸಬೇಕೆನ್ನುತ್ತೇವೆ.

ಕನ್ನಡದ ಮಗುವಿಗೆ ಇದು ಕಠಿಣವೆಂಬುದು ಬರಿಯ ಭಯ. 'ಪುವೆರ್ ರೋಸಮ್ ವಿದೆತ್' ಎಂದರೆ 'ಬಾಲಕನು ಗುಲಾಬಿಯನ್ನು ನೋಡುತ್ತಾನೆ'. ಪದಗಳ ಕ್ರಮವೂ ನಮ್ಮದೇ. 'ರೋಸ'ವು 'ರೋಸಮ್' ಆದದ್ದು ನಮ್ಮ ದ್ವಿತೀಯಾ ವಿಭಕ್ತಿಯಂತೆಯೇ. ಇಂಗ್ಲಿಷಿನಲ್ಲಿ ಪದಗಳ ಸ್ಥಾನ ಬದಲಿಸಿದರೆ ಗುಲಾಬಿಯೇ ಬಾಲಕನನ್ನು ನೋಡೀತು! ವಿಭಕ್ತಿಯ ಬಲವನ್ನು ಇಲ್ಲಿ ಅರಿತ ಮಗು ತನ್ನ ಕನ್ನಡ ವ್ಯಾಕರಣವನ್ನೂ ಹೊಸ ಕಣ್ಣಿನಿಂದ ಕಾಣುತ್ತದೆ.

ಭತ್ತಕ್ಕೆ ಸಸ್ಯಶಾಸ್ತ್ರದ ಹೆಸರು 'ಒರೈಜ ಸತೀವ'. ಸತೀವವೆಂದರೆ ಬಿತ್ತಿ ಬೆಳೆದದ್ದು ಎಂದು ಹೇಳಿಕೊಟ್ಟರೆ, ಅದನ್ನು ಮರೆಯುವ ರೈತರ ಮಗುವುಂಟೇ?