ಶಾಸ್ತ್ರ ಕೇಳೋಕೆ ಎಲ್ಲಿಗೆ ಹೋಗ್ಬೇಕು? ಸೈಕಾಲಜಿ ಬಗ್ಗೆ ನಮ್ಮೂರ ಕಡೆಯ ಮಾತು

ಈ ವಾರದ ಸಂಚಿಕೆನ ಒಂದು ಪದದಿಂದ ಶುರು ಮಾಡೋಣ. ಆ ಪದ 'ಶಾಸ್ತ್ರ'.

ನಮ್ಮ ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆ "ಶಾಸ್ತ್ರ ಕೇಳ್ಕೊಂಡ್ ಬರಾನ" ಅಂದ್ರೆ ಯಾರ ತಲೆಗೂ ಭೌತಶಾಸ್ತ್ರ, ಅರ್ಥಶಾಸ್ತ್ರ ಬರಲ್ಲ. ಹಸು ಕಳೆದಿದೆ, ಮಗಳಿಗೆ ಗಂಡು ಕೂಡಿ ಬರ್ತಿಲ್ಲ, ಮಗು ರಾತ್ರಿ ಬೆಚ್ಚಿ ಬೀಳ್ತಿದೆ. ಆಗ ಎಲೆ ಅಡಿಕೆ ಇಟ್ಟು, ಕೈಲಾದಷ್ಟು ಕಾಣಿಕೆ ಇಟ್ಟು ಒಬ್ಬರ ಮುಂದೆ ಕೂತ್ಕೋತೀವಿ. ಅವರು ಕವಡೆ ಹಾಕ್ತಾರೆ, ಮುಖ ನೋಡ್ತಾರೆ, ಹೇಳ್ತಾರೆ. ಇದು ಶಾಸ್ತ್ರ ಕೇಳೋದು.

ಈಗ ಅದೇ ಕಿವಿಗೆ 'ಮನಶ್ಶಾಸ್ತ್ರ' ಅನ್ನೋ ಪದ ಬಿದ್ರೆ ಹೇಗೆ ಕೇಳ್ಸುತ್ತೆ ಹೇಳಿ? ಸರಗೂರು ಕಡೆಯ ನನ್ನ ಗೆಳತಿಯೊಬ್ಬಳು ಮೈಸೂರಲ್ಲಿ ಸೈಕಾಲಜಿ ಎಂ.ಎ. ಮಾಡಿದಾಳೆ. ಊರಿಗೆ ಹೋದಾಗ ಜಗಲಿ ಮೇಲೆ ಕೂತಿದ್ದ ಅಜ್ಜಿ ಕೇಳಿದ್ರಂತೆ: "ಏನವ್ವ, ಮನ್ಸಿನ್ ಶಾಸ್ತ್ರ ಓದಿದ್ದೀಯಂತೆ? ಎಲ್ಲಿ, ನನ್ ಮನ್ಸಲ್ಲಿ ಏನದೆ ಹೇಳು ನೋಡಾನ." ಇವಳು ನಗ್ತಾ, "ಒಂದ್ ಲೋಟ ಕಾಫಿ ಸಿಕ್ಕಿದ್ರೆ ಚೆಂದಾಗಿರ್ತದೆ ಅಂತದೆ ಅಜ್ಜಿ" ಅಂದ್ಲು. ಅಜ್ಜಿ ಕಣ್ಣರಳಿಸಿ, "ಸರ್ಯಾಗ್ ಹೇಳ್ಬುಟ್ಟೆ ಕನವ್ವ!" ಅಂದ್ರಂತೆ. ಅವತ್ತಿಂದ ಆ ಬೀದೀಲಿ ಇವಳ ಹೆಸರು ಇನ್ನೂ ಜೋರಾಯ್ತು.

ತಮಾಷೆ ಪಕ್ಕಕ್ಕಿಡೋಣ. ಸೈಕಾಲಜಿ ಅಂದ ತಕ್ಷಣ ನಮ್ಮ ಜನಕ್ಕೆ ಬರೋದು ಮೂರು ಚಿತ್ರ. ಒಂದು, ಮುಖ ನೋಡಿ ಮನಸ್ಸು ಓದೋರು. ಎರಡು, ಹುಚ್ಚರ ಡಾಕ್ಟ್ರು. ಮೂರು, ಕೂರಿಸಿಕೊಂಡು ಬುದ್ಧಿ ಹೇಳೋರು. ಈಗ ನಾಲ್ಕನೇದೂ ಸೇರಿದೆ, ರೀಲ್ಸ್ ಸೈಕಾಲಜಿ. "ರಾತ್ರಿ 3 ಗಂಟೆಗೆ ನಿಮಗೆ ಎಚ್ಚರ ಆದ್ರೆ ಯಾರೋ ನಿಮ್ಮನ್ನ ನೆನೆಸ್ಕೊಳ್ತಿದ್ದಾರೆ, ಸೈಕಾಲಜಿ ಹೇಳುತ್ತೆ." ಸೈಕಾಲಜಿ ಇದನ್ನ ಹೇಳಲ್ಲ ಸ್ವಾಮಿ. ಅದು ಹಳೇ ಶಾಸ್ತ್ರಾನೇ, ಕವಡೆ ಬದಲು ಫೋನು.

ಹಾಗಾದ್ರೆ ಅದನ್ನೇ ವೃತ್ತಿ ಮಾಡ್ಕೊಂಡೋರು ಏನಂತಾರೆ? ಮನುಷ್ಯನ ನಡವಳಿಕೆ ಮತ್ತು ಮನಸ್ಸಿನ ಕ್ರಿಯೆಗಳ ವೈಜ್ಞಾನಿಕ ಅಧ್ಯಯನ. ಇಷ್ಟೇ ವ್ಯಾಖ್ಯಾನ. ನೆನಪು, ಗಮನ, ಕಲಿಕೆ, ಭಯ, ತೀರ್ಮಾನ, ಗುಂಪಲ್ಲಿ ನಾವು ನಡ್ಕೊಳ್ಳೋ ರೀತಿ, ಎಲ್ಲ ಇದರೊಳಗೆ ಬರುತ್ತೆ. ಇದರಲ್ಲಿ ತೂಕ ಇರೋ ಮಾತು 'ವೈಜ್ಞಾನಿಕ' ಅನ್ನೋದು. ಅಂದಾಜು ಮಾಡಿದ್ರೆ ಸಾಲದು. ಅಳೀಬೇಕು, ಪರೀಕ್ಷೆ ಮಾಡ್ಬೇಕು, ತಪ್ಪಾದ್ರೆ ಬಿಟ್ಟುಬಿಡ್ಬೇಕು.

ಇದು ಎಲ್ಲೋ ಫಾರಿನ್ನಿಂದ ಮೊನ್ನೆ ಬಂದಿದ್ದು ಅನ್ಕೋಬೇಡಿ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಟ್ ಅನ್ನೋರು ಮೊದಲ ಸೈಕಾಲಜಿ ಪ್ರಯೋಗಾಲಯ ಶುರು ಮಾಡಿದ್ದು 1879ರಲ್ಲಿ. ಭಾರತದಲ್ಲಿ ಮೊದಲ ವಿಭಾಗ 1916ರಲ್ಲಿ ಕಲ್ಕತ್ತದಲ್ಲಿ ಬಂತು. ಅಲ್ಲಿ ಅದಕ್ಕೆ ಪಠ್ಯಕ್ರಮ ರೂಪಿಸಿದ್ದ ಬ್ರಜೇಂದ್ರನಾಥ ಸೀಲ್ ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಆದ್ರು. ಅವರ ಕಾಲದಲ್ಲೇ, 1924ರಲ್ಲಿ, ಮೈಸೂರಲ್ಲೂ ಸೈಕಾಲಜಿ ವಿಭಾಗ ಶುರುವಾಯ್ತು. ಅಂದ್ರೆ ನಮ್ಮ ಜಿಲ್ಲೇಲಿ ಈ ವಿಷಯಕ್ಕೆ ನೂರು ವರ್ಷ ತುಂಬಿದೆ.

ಆ ವಿಭಾಗ ಕಟ್ಟಿದೋರು ಎಂ.ವಿ. ಗೋಪಾಲಸ್ವಾಮಿ. ಲಂಡನ್‌ನಲ್ಲಿ ಸ್ಪಿಯರ್‌ಮನ್ ಹತ್ರ ಓದಿ ಬಂದೋರು. ಈ ಹೆಸರು ಎಲ್ಲೋ ಕೇಳಿದ ಹಾಗಿದೆ ಅನ್ಸುತ್ತಾ? 1935ರಲ್ಲಿ ಮೈಸೂರಿನ ಒಂಟಿಕೊಪ್ಪಲಿನ ತಮ್ಮ ಮನೇಲೇ ರೇಡಿಯೋ ಕೇಂದ್ರ ಶುರು ಮಾಡಿದೋರು ಇವರೇ. 'ಆಕಾಶವಾಣಿ' ಅನ್ನೋ ಹೆಸರು ಅಲ್ಲಿಂದಲೇ ದೇಶಕ್ಕೆಲ್ಲ ಹೋಯ್ತು. ನಾನೀಗ ಮೈಕ್ ಮುಂದೆ ಕೂತು ಮಾತಾಡ್ತಿದೀನಲ್ಲ, ಈ ಕೆಲಸಕ್ಕೆ ಮೈಸೂರಲ್ಲಿ ನಾಂದಿ ಹಾಡಿದೋರು ಒಬ್ಬ ಸೈಕಾಲಜಿ ಮೇಷ್ಟ್ರು.

ಈಗ ಅಜ್ಜಿಯ ಕಾಫಿಗೆ ವಾಪಸ್ ಬರೋಣ. ಶಾಸ್ತ್ರ ಹೇಳೋರ ಮಾತು ಎಷ್ಟೋ ಸಲ ನಿಜ ಅನ್ಸುತ್ತಲ್ಲ, ಯಾಕೆ? ಇದನ್ನೂ ಸೈಕಾಲಜಿ ಪರೀಕ್ಷೆ ಮಾಡಿ ನೋಡಿದೆ. 1948ರಲ್ಲಿ ಅಮೆರಿಕದಲ್ಲಿ ಫೋರರ್ ಅನ್ನೋ ಮೇಷ್ಟ್ರು ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಟೆಸ್ಟ್ ಕೊಟ್ಟು, ಆಮೇಲೆ ಒಬ್ಬೊಬ್ಬರಿಗೂ "ಇದು ನಿನ್ನ ವ್ಯಕ್ತಿತ್ವ" ಅಂತ ಒಂದು ಹಾಳೆ ಕೊಟ್ರು. ಎಷ್ಟು ಸರಿಯಾಗಿದೆ, 5ಕ್ಕೆ ಅಂಕ ಕೊಡಿ ಅಂದ್ರು. ಸರಾಸರಿ 4.26 ಬಂತು. ಆಮೇಲೆ ಗೊತ್ತಾಯ್ತು, ಎಲ್ಲರ ಕೈಯಲ್ಲೂ ಇದ್ದಿದ್ದು ಒಂದೇ ಹಾಳೆ. ಅದರ ವಾಕ್ಯಗಳು ಬಂದಿದ್ದು ಅಂಗಡೀಲಿ ಮಾರೋ ಜ್ಯೋತಿಷ್ಯದ ಪುಸ್ತಕದಿಂದ.

"ನೀನು ಎಲ್ಲರಿಗೂ ಒಳ್ಳೇದು ಮಾಡ್ತೀಯ, ನಿನಗೆ ಯಾರೂ ಮಾಡಲ್ಲ." ಈ ಮಾತು ಕೇಳಿ "ಇಲ್ಲಪ್ಪ, ನಾನು ಹಾಗಿಲ್ಲ" ಅನ್ನೋರು ನಿಮ್ಮೂರಲ್ಲಿ ಯಾರಾದ್ರೂ ಇದಾರಾ? ಎಲ್ಲರ ಅಳತೆಗೂ ಹೊಂದೋ ಅಂಗಿನ ನಮ್ಮೊಬ್ಬರಿಗೇ ಹೊಲಿದಿದ್ದು ಅನ್ಕೋತೀವಿ. ಸಾಯಂಕಾಲ ನಾಲ್ಕು ಗಂಟೇಲಿ ಹಳ್ಳಿ ಅಜ್ಜಿಗೆ ಕಾಫಿ ಬೇಕು ಅನ್ನೋಕೆ ಎಂ.ಎ. ಬೇಕಾಗಿಲ್ಲ. ಆ ಮಾತು ಅಜ್ಜಿಗೆ ಯಾಕೆ ಪವಾಡದ ಹಾಗೆ ಕೇಳ್ಸ್ತು ಅಂತ ವಿವರಿಸೋಕೆ ಸೈಕಾಲಜಿ ಬೇಕು.

ಅಳತೆ ಅಂದ್ನಲ್ಲ, ಅದಕ್ಕೆ ನಮ್ಮ ಭಾಷೇದೇ ಒಂದು ಉದಾಹರಣೆ ಇದೆ. ಫ್ರಾನ್ಸ್‌ನ ಬಿನೆ ಮಾಡಿದ್ದ ಬುದ್ಧಿಶಕ್ತಿಯ ಪರೀಕ್ಷೇನ ವಿ.ವಿ. ಕಾಮತ್ ಅನ್ನೋರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದ್ರು. ಅದರ ಪುಸ್ತಕ 1940ರಲ್ಲಿ ಬಂತು. ಇವತ್ತಿಗೂ ಆಸ್ಪತ್ರೆಗಳಲ್ಲಿ ಅದನ್ನ ಬಿನೆ-ಕಾಮತ್ ಟೆಸ್ಟ್ ಅಂತಾನೇ ಕರೀತಾರೆ. ಯಾಕೆ ಹೊಂದಿಸ್ಬೇಕಿತ್ತು? ಪ್ಯಾರಿಸ್ ಮಗುವಿಗೆ ಗೊತ್ತಿರೋ ವಸ್ತು ಧಾರವಾಡದ ಮಗು ನೋಡೇ ಇರಲ್ಲ. ಅದೇ ಲೆಕ್ಕ ನಮ್ಮ ಕಾಡಂಚಿಗೂ ಹಾಕಿ. ಕಾಕನಕೋಟೆ ಕಡೆ ಹಾಡಿಯ ಜೇನುಕುರುಬರ ಹುಡುಗನಿಗೆ ಯಾವ ಮರದಲ್ಲಿ ಜೇನು ಕಟ್ಟುತ್ತೆ, ಆನೆ ಈ ದಾರೀಲಿ ಯಾವಾಗ ಹೋಯ್ತು ಅಂತ ಗೊತ್ತಿರುತ್ತೆ. ಅವನಿಗೆ ಲಿಫ್ಟ್, ಎಸ್ಕಲೇಟರ್ ಚಿತ್ರ ತೋರಿಸಿ "ದಡ್ಡ" ಅಂತ ಬರೆದ್ರೆ ತಪ್ಪು ಪರೀಕ್ಷೇದು, ಹುಡುಗನದ್ದಲ್ಲ. ತರಬೇತಿ ಆದೋರು ಮೊದಲು ಕೇಳೋ ಪ್ರಶ್ನೇನೇ ಇದು: ಈ ಅಳತೆಗೋಲು ಯಾರಿಗಾಗಿ ಮಾಡಿದ್ದು? ಫೋನಲ್ಲಿ ಹತ್ತು ಪ್ರಶ್ನೆಗೆ ಉತ್ತರ ಒತ್ತಿದ್ರೆ "ನಿಮಗೆ ಎಡಿಎಚ್‌ಡಿ ಇದೆ" ಅನ್ನೋ ಆ್ಯಪ್ ಆ ಪ್ರಶ್ನೆ ಕೇಳಲ್ಲ.

ಇನ್ನು ಎರಡನೇ ಚಿತ್ರ, ಹುಚ್ಚರ ಡಾಕ್ಟ್ರು. ಇಲ್ಲಿ ಇಬ್ಬರು ಬೇರೆ ಬೇರೆ ಜನರನ್ನ ನಾವು ಕಲಸಿಬಿಟ್ಟಿದೀವಿ. ಸೈಕಿಯಾಟ್ರಿಸ್ಟ್, ಅಂದ್ರೆ ಮನೋವೈದ್ಯರು, ಎಂಬಿಬಿಎಸ್ ಮುಗಿಸಿ ಆಮೇಲೆ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರ್. ಮಾತ್ರೆ ಬರೀತಾರೆ. ಸೈಕಾಲಜಿಸ್ಟ್ ಸೈಕಾಲಜಿ ಓದಿದೋರು. ಮಾತ್ರೆ ಬರೆಯಲ್ಲ. ಅವರಲ್ಲಿ ಚಿಕಿತ್ಸೆಗಾಗಿ ತರಬೇತಿ ಪಡೆದೋರು ಪರೀಕ್ಷೆ ಮಾಡ್ತಾರೆ, ಮಾತಿನ ಚಿಕಿತ್ಸೆ ಕೊಡ್ತಾರೆ. ಉಳಿದೋರು ಶಾಲೇಲಿ, ಕಂಪನೀಲಿ, ಸಂಶೋಧನೇಲಿ ಇರ್ತಾರೆ, ರೋಗಿಗಳನ್ನ ನೋಡದೇನೂ ಇರಬಹುದು.

ನೆನಪಿಟ್ಕೊಳ್ಳೋಕೆ ಒಂದು ಸುಲಭ ದಾರಿ ಹೇಳ್ತೀನಿ. ಹಳೇ ಮೈಸೂರಲ್ಲಿ ಇಬ್ಬರು ದೊಡ್ಡೋರು ಇದ್ರು, ಹೆಸರೂ ಹತ್ತಿರ ಹತ್ತಿರ. ಎಂ.ವಿ. ಗೋಪಾಲಸ್ವಾಮಿ, ಎಂ.ವಿ. ಗೋವಿಂದಸ್ವಾಮಿ. ಗೋಪಾಲಸ್ವಾಮಿ ಮೈಸೂರಲ್ಲಿ ಮನಶ್ಶಾಸ್ತ್ರಜ್ಞ. ಗೋವಿಂದಸ್ವಾಮಿ ಬೆಂಗಳೂರಲ್ಲಿ ಮನೋವೈದ್ಯ. ಅಲ್ಲಿನ ಮಾನಸಿಕ ಆಸ್ಪತ್ರೆ ನಡೆಸಿದೋರು, 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರು. ಆ ಸಂಸ್ಥೆ, ಆ ಆಸ್ಪತ್ರೆ ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯ್ತು.

ಆ ನಿಮ್ಹಾನ್ಸ್ ಹೆಸರನ್ನ ನಾವು ಏನಕ್ಕೆ ಬಳಸ್ತೀವಿ? "ಇವನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಮಗಾ" ಅಂತ ಗೆಳೆಯರನ್ನ ಆಡ್ಕೊಳ್ಳೋಕೆ. ಈ ಆಡ್ಕೊಳ್ಳೋದು ಏನು ಮಾಡುತ್ತೆ ಅಂತ ಮೈಸೂರಲ್ಲಿ ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ 'ಶರಪಂಜರ' ಕಾದಂಬರೀಲಿ ಬರೆದ್ರು, ಪುಟ್ಟಣ್ಣ ಕಣಗಾಲ್ ಅದನ್ನ ಸಿನಿಮಾ ಮಾಡಿದ್ರು. ಕಾವೇರಿ ಚಿಕಿತ್ಸೆ ಮುಗಿಸಿ, ವಾಸಿಯಾಗಿ ಮನೆಗೆ ಬರ್ತಾಳೆ. ಅವಳು ನಕ್ಕರೂ ಹುಚ್ಚು, ಕೋಪ ಮಾಡ್ಕೊಂಡ್ರೂ ಹುಚ್ಚು ಅನ್ನೋ ಹಾಗೆ ಸುತ್ತಲಿನೋರು ನೋಡ್ತಾರೆ. ರೋಗ ಬಿಟ್ಟರೂ ಆ ನೋಟ ಬಿಡಲಿಲ್ಲ. ಕೊನೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗ್ಬೇಕಾಗುತ್ತೆ.

ಬರೀ ಪದಗಳ ಬಗ್ಗೆ ಯಾಕೆ ಇಷ್ಟು ಹೊತ್ತು ಮಾತಾಡ್ತಿದೀನಿ ಅಂದ್ರೆ, ಕಷ್ಟ ಬಂದಾಗ ನಾವು ಯಾವ ಬಾಗಿಲಿಗೆ ಹೋಗ್ತೀವಿ ಅನ್ನೋದನ್ನ ಆ ಪದ ತೀರ್ಮಾನ ಮಾಡುತ್ತೆ. ನಮ್ಮ ಕಡೆಯ ಒಂದು ಮನೆ. ಹೆಸರು ಬೇಡ, ಊರೂ ಬೇಡ. ಹೊಗೆಸೊಪ್ಪಿನ ಹರಾಜಲ್ಲಿ ರೇಟು ಬಿದ್ದ ವರ್ಷ, ಮನೆ ಹುಡುಗ ನಿದ್ದೆ ಬಿಟ್ಟ, ಊಟ ಬಿಟ್ಟ, ಹೊಲಕ್ಕೆ ಹೋಗೋದು ಬಿಟ್ಟ. ಮೊದಲು "ಸೋಮಾರಿ ಆಗವ್ನೆ" ಅಂದ್ರು. ಆಮೇಲೆ "ಗಾಳಿ ಮೆಟ್ಕಂಡದೆ" ಅಂದ್ರು. ಮೂರು ಕಡೆ ಶಾಸ್ತ್ರ ಕೇಳಿದ್ರು, ಮೂರು ತಾಯತ ಕಟ್ಟಿದ್ರು. ಸಾಲದ ಮೇಲೆ ಸಾಲ. "ಡಾಕ್ಟ್ರಿಗೆ ತೋರ್ಸಿ" ಅಂದ್ರೆ ಅವರಮ್ಮ, "ನನ್ ಮಗಂಗೇನು ಹುಚ್ಚು ಹಿಡಿದದಾ?" ಅಂತ ಅತ್ತರು. ಏಳು ತಿಂಗಳು ಹೀಗೇ ಹೋಯ್ತು. ಕೊನೆಗೆ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರ ಹತ್ರ ಹೋದಾಗ ಅದು ಖಿನ್ನತೆ ಅಂತ ಗೊತ್ತಾಯ್ತು. ಮಾತ್ರೆ, ಜೊತೆಗೆ ಕೌನ್ಸೆಲಿಂಗ್. ಈಗ ಹೊಲಕ್ಕೆ ಹೋಗ್ತಿದಾನೆ.

ಆ ತಾಯಿನ ದೂರಬೇಡಿ. ಅವರಿಗೆ ಯಾರೂ ಬೇರೆ ಪದ ಕೊಟ್ಟಿರಲಿಲ್ಲ. ಒಂದು ಕಡೆ 'ಗಾಳಿ', ಇನ್ನೊಂದು ಕಡೆ 'ಹುಚ್ಚು'. ಎರಡರ ಮಧ್ಯೆ ಏನೂ ಇರಲಿಲ್ಲ. ಹುಚ್ಚಿಗಿಂತ ಗಾಳಿ ವಾಸಿ ಅಂತ ಯಾವ ತಾಯಿಗೂ ಅನ್ಸುತ್ತೆ. ದೇವಸ್ಥಾನಕ್ಕೆ ಹೋಗ್ಬೇಡಿ ಅಂತಾನೂ ನಾನು ಹೇಳಲ್ಲ. ಹರಕೆ ಕಟ್ಕೊಳ್ಳಿ, ಅದರ ಜೊತೆ ಆಸ್ಪತ್ರೆಗೂ ಹೋಗಿ. ಒಂದಕ್ಕಾಗಿ ಇನ್ನೊಂದನ್ನ ತಿಂಗಳುಗಟ್ಟಲೆ ಮುಂದೂಡಬೇಡಿ.

ಸರಿ, ಹೋದ್ವಿ. ಬೋರ್ಡ್ ಹಾಕಿಕೊಂಡು ಕೂತಿರೋರು ನಿಜವಾಗ್ಲೂ ಓದಿರೋರಾ ಅಂತ ಹೇಗೆ ತಿಳ್ಕೊಳ್ಳೋದು? ನಾನು ಬಿ.ಕಾಂ., ನನ್ನ ಲೆಕ್ಕದಲ್ಲಿ ಹೇಳ್ತೀನಿ. ಟ್ಯಾಲಿ ಕಲಿತೋರು ಯಾರು ಬೇಕಾದ್ರೂ ಲೆಕ್ಕ ಬರೀಬಹುದು. ಆದ್ರೆ ಕಂಪನಿ ಆಡಿಟ್ ರಿಪೋರ್ಟಿಗೆ ಸಹಿ ಹಾಕೋಕೆ ಸಿಎ ಆಗಿರ್ಬೇಕು, ಮೆಂಬರ್‌ಶಿಪ್ ನಂಬರ್ ಬರೀಬೇಕು. ಇಲ್ಲೂ ಹಾಗೇ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೇಲಿ 'ಕ್ಲಿನಿಕಲ್ ಸೈಕಾಲಜಿಸ್ಟ್' ಅಂದ್ರೆ ಯಾರು ಅಂತ ಬರೆದಿದೆ. ಭಾರತೀಯ ಪುನರ್ವಸತಿ ಮಂಡಳಿ ಒಪ್ಪಿದ ಅರ್ಹತೆ ಇರ್ಬೇಕು. ಇಲ್ಲಾಂದ್ರೆ ಸೈಕಾಲಜೀಲಿ ಸ್ನಾತಕೋತ್ತರ ಪದವಿ, ಅದರ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್., ಅದರಲ್ಲಿ ಹಿರಿಯರ ಮೇಲ್ವಿಚಾರಣೇಲಿ ರೋಗಿಗಳ ಜೊತೆ ತರಬೇತಿ, ಆ ಕೋರ್ಸಿಗೂ ಮಂಡಳಿಯ ಮಾನ್ಯತೆ. ಮಂಡಳೀಲಿ ನೋಂದಣಿ ಸಂಖ್ಯೆ ಇರುತ್ತೆ. "ಸರ್, ಮೇಡಂ, ನಿಮ್ಮ ನೋಂದಣಿ ಸಂಖ್ಯೆ ಏನು?" ಅಂತ ಕೇಳೋದು ಅವಮಾನ ಅಲ್ಲ. ಓದಿರೋರು ಖುಷಿಯಾಗಿ ಹೇಳ್ತಾರೆ. ಮೂರು ದಿನದ ಆನ್‌ಲೈನ್ ಸರ್ಟಿಫಿಕೇಟ್ ಇಟ್ಕೊಂಡು "ಮೈಂಡ್ ಎಕ್ಸ್‌ಪರ್ಟ್" ಅಂತ ಬೋರ್ಡ್ ಹಾಕಿರೋರು ಮಾತು ತಿರುಗಿಸ್ತಾರೆ.

ಇನ್ನೊಂದು ಗುರುತು. ಒಳ್ಳೆ ಸೈಕಾಲಜಿಸ್ಟ್ ಮೊದಲ ಭೇಟೀಲಿ ಕಡಿಮೆ ಮಾತಾಡ್ತಾರೆ, ಜಾಸ್ತಿ ಕೇಳ್ತಾರೆ. ನಿದ್ದೆ ಎಷ್ಟು, ಎಷ್ಟು ವಾರದಿಂದ, ಮನೇಲಿ ಏನಾಯ್ತು, ಮೊದಲು ಹೀಗಾಗಿತ್ತಾ. ನೀವು ಹೇಳೋಕೆ ಮುಂಚೇನೇ ನಿಮ್ಮ ಕಷ್ಟ ಹೇಳಿಬಿಡೋರ ಹತ್ರ ಹುಷಾರಾಗಿರಿ.

ಇದೆಲ್ಲ ಮೈಸೂರು, ಬೆಂಗಳೂರಿನೋರಿಗೆ, ನಮಗೇನು ಅಂತೀರಾ? ರಾಜ್ಯದಲ್ಲಿ ಮನೋಚೈತನ್ಯ ಅನ್ನೋ ಕಾರ್ಯಕ್ರಮ ಇದೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರೋ ವ್ಯವಸ್ಥೆ. ನಿಮ್ಮ ತಾಲ್ಲೂಕಲ್ಲಿ ಯಾವ ವಾರ ಬರ್ತಾರೆ ಅಂತ ಆಸ್ಪತ್ರೇಲಿ ಅಥವಾ ಆಶಾ ಕಾರ್ಯಕರ್ತೆ ಹತ್ರ ಕೇಳಿ. ಬಸ್ ಚಾರ್ಜಿಗೂ ಕಷ್ಟ ಇದ್ರೆ, ಅಥವಾ ಯಾರಾದ್ರೂ ನೋಡ್ಬಿಡ್ತಾರೆ ಅನ್ನೋ ಅಂಜಿಕೆ ಇದ್ರೆ, 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್ ಅಂತ ಅದರ ಹೆಸರು. 2022ರ ಅಕ್ಟೋಬರ್ 10ರಂದು ಶುರುವಾಗಿದ್ದು. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯ್ಬೇಕು ಅನ್ನೋ ಯೋಚನೆ ಯಾರಿಗಾದ್ರೂ ಬರ್ತಿದ್ರೆ, ನಿಮಗೇ ಇರಲಿ, ಪಕ್ಕದ ಮನೆಯೋರಿಗೇ ಇರಲಿ, ಮಂಗಳವಾರಕ್ಕೆ ಕಾಯಬೇಡಿ. ಅವರನ್ನ ಒಂಟಿಯಾಗಿ ಬಿಡಬೇಡಿ, ಈಗಲೇ ಫೋನ್ ಮಾಡಿ. ಇನ್ನೊಂದ್ಸಲ ಹೇಳ್ತೀನಿ, ಒಂದು, ನಾಲ್ಕು, ನಾಲ್ಕು, ಒಂದು, ಆರು. ಫೋನಲ್ಲಿ ಸೇವ್ ಮಾಡ್ಕೊಂಡ್ರಾ?

ಪಿಯುಸಿ ಮುಗಿಸಿ ಸೈಕಾಲಜಿ ತಗೋಳೋಣ ಅನ್ಕೊಂಡಿರೋರು ಇದನ್ನ ಕೇಳ್ತಿದ್ರೆ, ತಗೊಳ್ಳಿ. ಊರಲ್ಲಿ ಅಜ್ಜಿಯಂದಿರು ಮನಸ್ಸು ಓದು ಅಂತಾರೆ, ತಯಾರಾಗಿರಿ. ಮೊದಲು ಕಾಫಿ ಮಾಡ್ಕೊಡಿ, ಆಮೇಲೆ ಪಕ್ಕದಲ್ಲಿ ಕೂತು, "ಅಜ್ಜಿ, ನಂಗೆ ಓದೋಕ್ ಬರಲ್ಲ, ನೀವೇ ಹೇಳಿ, ನಾನು ಕೇಳ್ತೀನಿ" ಅನ್ನಿ.

ನಿಮ್ಮೂರಲ್ಲಿ ಸೈಕಾಲಜಿ ಬಗ್ಗೆ ಯಾವ ಮಾತು ಓಡಾಡ್ತಿದೆ ಅಂತ ವಾಯ್ಸ್ ನೋಟ್ ಕಳಿಸಿ. ಈ ಸಂಚಿಕೆನ ಮನೆಯ ವಾಟ್ಸ್ಆ್ಯಪ್ ಗ್ರೂಪಿಗೂ ಹಾಕಿ, ಅಲ್ಲೇ ಇದು ಜಾಸ್ತಿ ಬೇಕಾಗಿರೋದು. ಮುಂದಿನ ವಾರ ಸಿಗೋಣ. ನಮಸ್ಕಾರ.