ತೂತು ಬಿದ್ದ ಪತ್ರೆ

(ಶ್ರಾವಣಮಾಸದ ಪ್ರವಚನಮಾಲೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಈ ಹೊತ್ತು ದಾಸೋಹದ ವಿಷಯ ಮಾತನಾಡುತ್ತೇವೆಂದು ನಿನ್ನೆ ಹೇಳಿದ್ದೆವು. ಅದನ್ನೇ ಮಾತನಾಡುತ್ತೇವೆ, ಆದರೆ ಹಿಡಿಯುವ ಹಾದಿ ಸ್ವಲ್ಪ ಬೇರೆ. ನಿನ್ನೆ ಪ್ರವಚನ ಮುಗಿದು ಜನ ಕರಗಿದ ಮೇಲೆ ಒಬ್ಬ ತಾಯಿ ಸೆರಗಿನಲ್ಲಿ ಬಿಲ್ವಪತ್ರೆ ಕಟ್ಟಿಕೊಂಡು ಬಂದು ನಿಂತರು. ಬಿಚ್ಚಿ ತೋರಿಸಿದರೆ ಪತ್ರೆಯೆಲ್ಲ ತೂತು. ಅಂಚನ್ನು ಯಾರೋ ಕತ್ತರಿಯಿಂದ ಕತ್ತರಿಸಿದ ಹಾಗಿದೆ. "ಅಪ್ಪಾರ, ಇದು ನಮ್ಮ ಅತ್ತಿಯವರು ಹಚ್ಚಿದ ಗಿಡ. ಹುಳ ಬಿದ್ದು ಒಂದು ಎಲಿ ನೆಟ್ಟಗ ಉಳಿದಿಲ್ಲ. ಮಗ ಪೇಟಿಯಿಂದ ಎಣ್ಣಿ ತಂದಿಟ್ಟಾನ, ನಾಳೆ ಹೊಡಿತೀನಿ ಅಂತಾನ. ಹುಳ ಕೊಂದು ಪತ್ರಿ ಉಳಿಸಿ ಲಿಂಗಕ್ಕ ಏರಿಸಿದ್ರ ಅದು ಪೂಜಾ ಆಗತೈತೇನ್ರಿ?" ಎಂದು ಕೇಳಿದರು.

ನಾವು ಕೂಡಲೇ ಉತ್ತರ ಕೊಡಲಿಲ್ಲ. ಯಾಕೆಂದರೆ ಆ ಎಣ್ಣೆಯನ್ನು ಒಂದು ಕಾಲಕ್ಕೆ ಹೊಡೆಸಿದವರು ನಾವೇ.

ಬಹಳ ವರ್ಷದ ಹಿಂದಿನ ಮಾತು. ಹಿತ್ತಲಿನ ಬಾವಿಯ ಪಕ್ಕದ ಬಿಲ್ವದ ಗಿಡಕ್ಕೆ ಹೀಗೆಯೇ ಹುಳು ಬಿದ್ದಿತ್ತು. ಪೂಜೆಯ ಬುಟ್ಟಿಯಲ್ಲಿ ತೂತು ಬಿದ್ದ ಪತ್ರೆ ಕಂಡು ನಮಗೆ ಸಿಟ್ಟು ಬಂತು. ಔಷಧ ತರಿಸಿದೆವು, ಹೊಡೆಸಿದೆವು. ಎಂಟು ದಿನಕ್ಕೆ ಪತ್ರೆ ಕನ್ನಡಿಯ ಹಾಗೆ ಸ್ವಚ್ಛವಾಯಿತು. ನಮಗೆ ಸಮಾಧಾನವೂ ಆಯಿತು. ಆಮೇಲೆ ಪ್ರಸಾದನಿಲಯದ ಒಬ್ಬ ಸಣ್ಣ ಹುಡುಗ ಅಂಗೈಯಲ್ಲಿ ಏನನ್ನೋ ತಂದು ತೋರಿಸಿದ. ನಾಲ್ಕೈದು ಹಸಿರು ಹುಳುಗಳು, ಸತ್ತು ಕಪ್ಪಾಗಿದ್ದವು. ಒಂದು ಮಾತ್ರ ಕಡ್ಡಿಗೆ ನೂಲು ಸುತ್ತಿಕೊಂಡು, ತೊಟ್ಟಿಲಲ್ಲಿ ಒರಗಿದ ಹಾಗೆ ಒರಗಿಕೊಂಡು ಸತ್ತಿತ್ತು. "ಅಪ್ಪಾರ, ಇದು ಇನ್ನೊಂದೆರಡು ವಾರಕ್ಕ ಪಾತರಗಿತ್ತಿ ಆಗಿ ಹಾರತಿತ್ತು" ಅಂದ. ಆ ಮಗುವಿಗೆ ತಿಳಿದದ್ದು ನಮಗೆ ತಿಳಿದಿರಲಿಲ್ಲ.

ಆಗ ಸಸ್ಯಶಾಸ್ತ್ರ ಕಲಿಸುವ ಮಾಸ್ತರರೊಬ್ಬರನ್ನು ಕರೆಯಿಸಿ ಕೇಳಿದೆವು. ಅವರು ಹೇಳಿದ್ದನ್ನೂ, ಅಂದಿನಿಂದ ನಾವು ನೋಡುತ್ತ ಬಂದದ್ದನ್ನೂ ಹೇಳುತ್ತೇವೆ, ಸಾವಧಾನವಾಗಿ ಕೇಳಿ. ಕಪ್ಪು ರೆಕ್ಕೆ, ಅದರ ಮೇಲೆ ತಿಳಿ ಹಳದಿಯ ಚುಕ್ಕೆ, ಹಿಂದಿನ ರೆಕ್ಕೆಯಲ್ಲಿ ಒಂದು ಕೆಂಪು ಬೊಟ್ಟು. ಇಂಥ ಪಾತರಗಿತ್ತಿಯನ್ನು ನೀವೆಲ್ಲ ಕಂಡಿದ್ದೀರಿ. ಅದು ತತ್ತಿ ಇಡುವುದು ಬಿಲ್ವ, ನಿಂಬೆ, ಕರಿಬೇವು ಈ ಬಳಗದ ಗಿಡಗಳ ಮೇಲೆ. ಬೇರೆ ಕಡೆ ಇಟ್ಟರೆ ಮರಿ ಉಪವಾಸ ಸಾಯುತ್ತದೆ. ಅದಕ್ಕೇ ತಾಯಿ ಪಾತರಗಿತ್ತಿ ಎಲೆಯ ಮೇಲೆ ಕೂತು ಮುಂಗಾಲಿನಿಂದ ತಟತಟ ಬಡಿದು ನೋಡುತ್ತದೆ. ಎಲೆಯ ರುಚಿ ಅದಕ್ಕೆ ಕಾಲಿನಿಂದ ತಿಳಿಯುತ್ತದೆ! ಇದೇ ಎಲೆ ಎಂದು ಖಾತ್ರಿಯಾದರೆ ಸಾಸಿವೆಯಷ್ಟು ಸಣ್ಣದೊಂದು ಹಳದಿ ತತ್ತಿ ಇಟ್ಟು ಹಾರಿಹೋಗುತ್ತದೆ. ಹುಟ್ಟಿದ ಮರಿ ಮೊದಲು ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ; ಹಕ್ಕಿ ತನ್ನ ಹಿಕ್ಕೆಯನ್ನು ತಾನು ತಿನ್ನುವುದಿಲ್ಲವಲ್ಲ! ದೊಡ್ಡದಾದ ಮೇಲೆ ಎಲೆಯ ಬಣ್ಣ ತಳೆಯುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕೆಂಪು ಕೋಡು ಹೊರಹಾಕಿ ನಾರುತ್ತದೆ. ಪಾಪ, ಅದರ ಶೌರ್ಯ ಅಷ್ಟೇ. ಎರಡು ಮೂರು ವಾರ ಎಲೆ ತಿನ್ನುತ್ತದೆ, ಆಮೇಲೆ ಬಾಯಿ ಕಟ್ಟಿ ಗೂಡಿನಲ್ಲಿ ಮಲಗುತ್ತದೆ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಮೊದಲನೆಯ ಮಾತು ಇದು: ನಾವು ಲಿಂಗಕ್ಕೆ ಮಜ್ಜನ ಮಾಡಿಸಿ ಪತ್ರೆ ಏರಿಸುತ್ತೇವೆ, ಪಾದೋದಕ ಸ್ವೀಕರಿಸುತ್ತೇವೆ. ಎಣ್ಣೆ ಹೊಡೆದ ಎಲೆ ಆ ನೀರಿಗೆ ಬಿದ್ದರೆ ನೀವು ಸ್ವೀಕರಿಸುವುದೇನು? ಮಕ್ಕಳ ಅಂಗೈಗೆ ಹಾಕುವುದೇನು? ಇದನ್ನು ಯೋಚಿಸುವವರು ಕಡಿಮೆ. ಹೊಲದ ಪೈರಿಗೆ ಹೊಡೆದರೆ ಇಂತಿಷ್ಟು ದಿನ ಕೊಯ್ಯಬಾರದೆಂದು ಡಬ್ಬಿಯ ಮೇಲೆ ಬರೆದಿರುತ್ತಾರೆ. ಪತ್ರೆಯ ಗಿಡಕ್ಕೆ ಹೊಡೆದವರು ಮರುದಿನವೇ ಕೊಯ್ದು ತರುತ್ತಾರೆ.

ಎರಡನೆಯದು ದಾಸೋಹದ ಮಾತು. ದಾಸೋಹವೆಂದರೆ ಉಳಿದದ್ದನ್ನು ಎತ್ತಿ ಹಾಕುವುದಲ್ಲ. ಬಂದವನ ಹಸಿವು ಯಾವುದೆಂದು ತಿಳಿದು ಬಡಿಸಬೇಕು. ಹಲ್ಲು ಬಿದ್ದ ಅಜ್ಜನಿಗೆ ಕಟಕಲು ರೊಟ್ಟಿ ಬಡಿಸಿ "ದಾಸೋಹ ಮಾಡಿದೆ" ಅಂದರೆ ಆದೀತೇ? ಗುಬ್ಬಿಗಳು ಕಡಿಮೆಯಾದವೆಂದು ಈಗ ಎಲ್ಲರಿಗೂ ಕಳವಳ. 2010ರಿಂದ ಮಾರ್ಚ್ 20ನೆಯ ತಾರೀಖನ್ನು ಗುಬ್ಬಿಗಳ ದಿನವೆಂದು ಆಚರಿಸುತ್ತಾರೆ. ಭಕ್ತರು ಅಂಗಳದಲ್ಲಿ ಜೋಳ, ಸಜ್ಜೆ ಚೆಲ್ಲುತ್ತಾರೆ, ಒಳ್ಳೆಯದೇ. ಆದರೆ ಗುಬ್ಬಿಯ ಮರಿಗೆ ಮೊದಲ ದಿನಗಳಲ್ಲಿ ಕಾಳು ಅರಗುವುದಿಲ್ಲ. ಅದಕ್ಕೆ ಬೇಕಾದದ್ದು ಮೆತ್ತಗಿನ ಹುಳು. ತಾಯಿ ಗುಬ್ಬಿ ದಿನವಿಡೀ ಹುಳು ಹುಡುಕಿ ತಂದು ಕೊಡುತ್ತದೆ. ಒಂದು ಕೈಯಿಂದ ಕಾಳು ಚೆಲ್ಲಿ ಇನ್ನೊಂದು ಕೈಯಿಂದ ಹುಳುವಿಗೆ ಎಣ್ಣೆ ಹೊಡೆದರೆ ಗುಬ್ಬಿಯ ತೊಟ್ಟಿಲು ಬರಿದೇ. ನೀವು ನೋಡಿದ ಆ ತೂತು ಬಿದ್ದ ಎಲೆ, ತಾಯಿ, ಅದು ಯಾರಿಗೋ ಬಡಿಸಿ ಎತ್ತಿದ ಎಲೆ.

ಹಾಗಾದರೆ ಯಾವುದಾದರೂ ಹಸಿರು ಹಚ್ಚಿದರೆ ಸಾಕೇ ಎಂದು ಕೇಳಬಹುದು. ಸಾಲದು. ಗಿಡವೂ ಸುಮ್ಮನೆ ತಿನ್ನಿಸಿಕೊಳ್ಳುವುದಿಲ್ಲ. ಒಂದೊಂದು ಗಿಡ ಒಂದೊಂದು ಕಹಿ, ಒಂದೊಂದು ನಂಜು ಇಟ್ಟುಕೊಂಡಿದೆ. ಅದನ್ನು ಅರಗಿಸುವುದನ್ನು ಈ ನೆಲದ ಹುಳುಗಳು ಸಾವಿರಾರು ತಲೆಮಾರಿನಿಂದ ಕಲಿತಿವೆ. ಎಕ್ಕೆಯ ಹಾಲು ನಮ್ಮ ಕಣ್ಣಿಗೆ ಬಿದ್ದರೆ ಕೇಡು, ಆದರೆ ಕಿತ್ತಳೆ ಬಣ್ಣದ ಒಂದು ಪಾತರಗಿತ್ತಿಯ ಮರಿಗೆ ಆ ಎಲೆಯೇ ಊಟ. ಈಶ್ವರಿ ಬಳ್ಳಿಯನ್ನು ತಿಂದು ಬೆಳೆಯುವ, ಮೈ ಕೆಂಪಗಿರುವ ಕಪ್ಪು ಪಾತರಗಿತ್ತಿ ಅದರ ನಂಜನ್ನು ಮೈಯಲ್ಲಿಯೇ ಇಟ್ಟುಕೊಳ್ಳುತ್ತದೆ. (ಆ ಬಳ್ಳಿಯನ್ನು ಮದ್ದೆಂದು ಯಾರೂ ಅರೆದು ಕುಡಿಯಬೇಡಿ, ಮೂತ್ರಪಿಂಡ ಕೆಡುತ್ತದೆ.) ಬೇರೆ ದೇಶದಿಂದ ಬಂದ ಅಲಂಕಾರದ ಗಿಡದ ಭಾಷೆ ಈ ಹುಳುಗಳಲ್ಲಿ ಹೆಚ್ಚಿನವಕ್ಕೆ ತಿಳಿಯುವುದಿಲ್ಲ. ಲಂಟಾನವನ್ನೇ ನೋಡಿ. ಹತ್ತೊಂಬತ್ತನೆಯ ಶತಮಾನದ ಮೊದಲ ಹತ್ತು ವರ್ಷದೊಳಗೆ ಚೆಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಈಗ ಕಾಡನ್ನೇ ನುಂಗಿದೆ. ಪಾತರಗಿತ್ತಿಗಳು ಅದರ ಹೂವಿನ ಜೇನು ಕುಡಿಯುತ್ತವೆ, ಸುಳ್ಳಲ್ಲ. ಆದರೆ ತೊಟ್ಟಿಲು ಕಟ್ಟಲು ಅಲ್ಲಿ ಜಾಗವಿಲ್ಲ. ಖಾನಾವಳಿಯಲ್ಲಿ ಚಹಾ ಸಿಕ್ಕೀತು, ಬಾಣಂತನ ಆದೀತೇ?

ಅತ್ತಿಯ ಹಣ್ಣಿನೊಳಗೆ ಹುಳ ಎಂದು ನಾವು ಮನುಷ್ಯರನ್ನು ಹೀಯಾಳಿಸುತ್ತೇವೆ. ಆ ಸಣ್ಣ ಹುಳ ಒಳಹೊಕ್ಕು ಪರಾಗ ಮುಟ್ಟಿಸದಿದ್ದರೆ ಅತ್ತಿಯಲ್ಲಿ ಬೀಜವೇ ಇಲ್ಲ. ಅದು ಬೇರೆ ದೊಡ್ಡ ಕಥೆ, ಇನ್ನೊಂದು ದಿನಕ್ಕಿರಲಿ.

ಹಿತ್ತಲು ಇದ್ದವರು ಒಂದು ಬಿಲ್ವ, ಒಂದು ಕರಿಬೇವು ಹಚ್ಚಿ. ಬೇಲಿಗೆ ತಂಗಡಿ ಇರಲಿ, ಅದನ್ನೇ ಕೆಲವರು ಆವರಿಕೆ ಅನ್ನುತ್ತಾರೆ. ಅದರ ಹೂವಿಗೆ ಜೇನು ಬರುತ್ತವೆ, ಎಲೆಗೆ ತಿಳಿ ಬಣ್ಣದ ಪಾತರಗಿತ್ತಿ ಬರುತ್ತದೆ. ಮಳೆಗಾಲದಲ್ಲಿ ತಾನೇ ಏಳುವ ತುಂಬೆಯನ್ನು ಕಸವೆಂದು ಕೀಳಬೇಡಿ. ಶಿವನಿಗೆ ಪ್ರಿಯವಾದ ಹೂವು, ಜೇನಿಗೂ ಪ್ರಿಯ. ಹೊಲದ ಬದುವಿನಲ್ಲಿ ಹೊಂಗೆ, ಬೇವು, ಅತ್ತಿ ಇರಲಿ. ಪೇಟೆಯಲ್ಲಿ ಮಹಡಿಯ ಮೇಲಿರುವವರಿಗೆ ಕುಂಡದಲ್ಲಿ ಒಂದು ಕರಿಬೇವು ಸಾಕು, ಹಾದಿ ಗೊತ್ತಿದ್ದ ಪಾತರಗಿತ್ತಿ ಹುಡುಕಿಕೊಂಡು ಬರುತ್ತದೆ. ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿದವರು ಒಂದು ಮೂಲೆ ಹಸಿಮಣ್ಣು ಬಿಡಿ. ನಮ್ಮ ಮಠದ ಮುಂದೆಯೂ ಭಕ್ತರು ಪ್ರೀತಿಯಿಂದ ಪರದೇಶದ ಹುಲ್ಲಿನ ಹಾಸು ಹಾಸಿದ್ದಾರೆ. ನೀರು ಕುಡಿಯುವುದು ಬಹಳ, ಉಣಿಸುವುದು ಕಡಿಮೆ. ಅದರ ಅರ್ಧ ಈ ಮಳೆಗಾಲದಲ್ಲೇ ತೆಗೆಯುತ್ತೇವೆ, ಬೇಸರ ಮಾಡಿಕೊಳ್ಳಬೇಡಿ.

ಅಕ್ಕಮಹಾದೇವಿ ತನ್ನ ಸ್ವಾಮಿಯ ಸುದ್ದಿಯನ್ನು ಕಾಡಿನ ಹಕ್ಕಿಗಳಲ್ಲಿ ವಿಚಾರಿಸಿದಳು. ಆ ತಾಯಿ ಈಗ ನಮ್ಮ ಓಣಿಗೆ ಬಂದರೆ ಯಾರನ್ನು ಕೇಳಬೇಕು?

ಗಿಡ ಸಾಯುವುದಿಲ್ಲವೇ ಎಂಬ ಭಯ ಆ ತಾಯಿಗಿದೆ. ದೊಡ್ಡ ಗಿಡ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಎಲ್ಲ ಹುಳುವೂ ಬದುಕುವುದಿಲ್ಲ. ಹಕ್ಕಿ, ಕಣಜ ತಮ್ಮ ಪಾಲು ಒಯ್ಯುತ್ತವೆ. ತೀರ ಎಳೆಯ ಸಸಿಯಾದರೆ ಹುಳುವನ್ನು ಕೈಯಿಂದ ಎತ್ತಿ ದೊಡ್ಡ ಬಿಲ್ವಕ್ಕೆ ಬಿಡಿ. ಪೂಜೆಗೆ ಎಷ್ಟು ಪತ್ರೆ ಬೇಕು? ಪೂರ್ಣವಾದ ಮೂರು ದಳದ ಒಂದು ಪತ್ರೆ ಸಿಕ್ಕರೆ ಆಯಿತು. ಬುಟ್ಟಿಗಟ್ಟಲೆ ಏರಿಸಬೇಕೆಂದು ಲಿಂಗ ಕೇಳಲಿಲ್ಲ, ಕೇಳಿದ್ದು ನಮ್ಮ ಡಂಭ.

ಈ ಮುಂಜಾನೆ ಆ ತಾಯಿಯ ಮಗ ತಾನೇ ಮಠಕ್ಕೆ ಬಂದಿದ್ದ. ಡಬ್ಬಿಯ ಮುಚ್ಚಳ ಇನ್ನೂ ತೆಗೆದಿಲ್ಲವಂತೆ. ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವರೋ ಇಲ್ಲವೋ ಎಂಬ ಚಿಂತೆ ಅವನಿಗೆ. ನೋಡೋಣ. ನಾಳೆ ಸಾಮೂಹಿಕ ಪೂಜೆಗೆ ಪತ್ರೆ ತರುವವರು ಕೊಯ್ಯುವ ಮುಂಚೆ ಎಲೆಯನ್ನು ಮಗುಚಿ ನೋಡಿರಿ. ಹಳದಿ ತತ್ತಿ ಕಂಡರೆ ಆ ಎಲೆ ಗಿಡದಲ್ಲೇ ಇರಲಿ. ನಮ್ಮ ಬಾವಿಯ ಪಕ್ಕದ ಗಿಡದ ಮೂಡಣ ಕೊಂಬೆಗೆ ಕಾವಿಯ ಬಟ್ಟೆ ಕಟ್ಟಿಸಿದ್ದೇವೆ. ಆ ಕೊಂಬೆಯನ್ನು ಯಾರೂ ಕೊಯ್ಯಬಾರದು.