ತಿಜೋರಿಯ ಹಣವೂ ಪುಸ್ತಕದ ಹಣವೂ


ಲೋಕಲ್ ಗಾಡಿಯಲ್ಲಿ ಜೇಬುಗಳ್ಳನು ಸಿಕ್ಕಿದರೆ ನಾವೆಲ್ಲ ಸೇರಿ ನಾಲ್ಕು ಬಿಗಿಯುತ್ತೇವೆ. ಮೇಜಿನ ಹಿಂದೆ ಕುಳಿತು ಸಹಿಯಿಂದಲೇ ಕದಿಯುವವನಿಗೆ ಎದ್ದು ನಿಂತು ನಮಸ್ಕರಿಸುತ್ತೇವೆ. ಈ ಎರಡನೆಯ ಬಗೆಯ ಕಳವಿಗೆ ಎಡ್ವಿನ್ ಸದರ್‌ಲ್ಯಾಂಡ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1939ರಲ್ಲಿ ‘ಬಿಳಿ ಕಾಲರಿನ ಅಪರಾಧ’ವೆಂದು ಹೆಸರಿಟ್ಟರು. ಬಡತನವೇ ಅಪರಾಧಕ್ಕೆ ಮೂಲವೆಂದು ಪಂಡಿತರು ಹೇಳುತ್ತಿದ್ದ ಕಾಲವದು. ದೊಡ್ಡವರ ಅಪರಾಧಗಳು ಜೈಲಿನ ಲೆಕ್ಕಕ್ಕೆ ಬಾರದಿರುವಾಗ ಆ ಮಾತು ನಿಲ್ಲುವುದು ಹೇಗೆ ಎಂದು ಅವರು ಕೇಳಿದರು.

ಅಮೆರಿಕದ ಮಾತು ಅಲ್ಲಿರಲಿ, ನಮ್ಮ ಮುಂಬಯಿಗೆ ಬರೋಣ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು 1968ರಲ್ಲಿ ಇಲ್ಲಿಯ ಕಾರ್ಮಿಕರಿಗೆಂದು ಬಾಂಬೆ ಲೇಬರ್ ಕೋಆಪರೇಟಿವ್ ಬ್ಯಾಂಕನ್ನು ಕಟ್ಟಿದರು. ಮುಂದೆ ಅದು ನ್ಯೂ ಇಂಡಿಯಾ ಕೋಆಪರೇಟಿವ್ ಬ್ಯಾಂಕು ಆಯಿತು. 2025ರ ಫೆಬ್ರವರಿಯಲ್ಲಿ ರಿಜರ್ವ್ ಬ್ಯಾಂಕಿನ ತಪಾಸಣೆಗಾರರು ಅಲ್ಲಿ ನೋಟು ಎಣಿಸಿದರು. ಪುಸ್ತಕದಲ್ಲಿದ್ದ 122 ಕೋಟಿ ರೂಪಾಯಿ ತಿಜೋರಿಯಲ್ಲಿಲ್ಲವೆಂದು ಪೊಲೀಸರಿಗೆ ದೂರು ಹೋಯಿತು. ಹಿರಿಯ ಅಧಿಕಾರಿಗಳ ಬಂಧನವೂ ಆಯಿತು. ಠೇವಣಿದಾರರು ಮಾತ್ರ ತಮ್ಮದೇ ಹಣಕ್ಕೆ ಬಾಗಿಲಲ್ಲಿ ಸಾಲು ನಿಲ್ಲಬೇಕಾಯಿತು. ಎರಡು ವಾರದ ಮೇಲೆ 25,000 ರೂಪಾಯಿವರೆಗೆ ತೆಗೆಯಲು ಅಪ್ಪಣೆ ಬಂದಾಗ, ಅರ್ಧಕ್ಕಿಂತ ಹೆಚ್ಚು ಠೇವಣಿದಾರರಿಗೆ ಪೂರ್ತಿ ಹಣ ಸಿಗುವುದೆಂದು ರಿಜರ್ವ್ ಬ್ಯಾಂಕು ತಿಳಿಸಿತು. ಅಂದರೆ ಅವರ ಇಡೀ ಗಂಟೇ ಅಷ್ಟು! ಕಳೆದದ್ದು ಯಾರ ಹಣವೆಂದು ಬೇರೆ ಹೇಳಬೇಕೆ? ಅದೇ ಆಗಸ್ಟಿನಲ್ಲಿ ಆ ಬ್ಯಾಂಕು ಸಾರಸ್ವತ ಬ್ಯಾಂಕಿನಲ್ಲಿ ಸೇರಿಹೋಯಿತು.

ಅದಕ್ಕೂ ಮೊದಲು, 2019ರಲ್ಲಿ, ಭಾಂಡುಪಿನ ಪಂಜಾಬ್ ಮತ್ತು ಮಹಾರಾಷ್ಟ್ರ ಕೋಆಪರೇಟಿವ್ ಬ್ಯಾಂಕಿನಲ್ಲಿ ಪುಸ್ತಕವೇ ಸುಳ್ಳಾಗಿತ್ತು. ಕೊಟ್ಟ ಸಾಲದಲ್ಲಿ ನೂರಕ್ಕೆ 70ಕ್ಕೂ ಮಿಕ್ಕಿದ ಪಾಲು ಒಂದೇ ಕಟ್ಟಡ ಕಂಪನಿಯ ಬಳಗಕ್ಕೆ ಹೋಗಿತ್ತು. ಅದನ್ನು ಮುಚ್ಚಲು 21,049 ಹುಸಿ ಖಾತೆಗಳನ್ನು ಬರೆದಿದ್ದರೆಂಬುದು ಆರೋಪ. ಪುಸ್ತಕ ನೋಡಲು ಬಂದವನಿಗೆ ಪುಸ್ತಕವನ್ನೇ ತಿದ್ದಿ ತೋರಿಸಿದರೆ ಅವನಾದರೂ ಏನು ಕಂಡಾನು? ಠೇವಣಿದಾರರಿಗೆ ಮೊದಲು ಸಿಕ್ಕ ಅಪ್ಪಣೆ, ಆರು ತಿಂಗಳಿಗೆ 1,000 ರೂಪಾಯಿ. ಗದ್ದಲವೆದ್ದ ಮೇಲೆ ಅದು ಮೆಟ್ಟಿಲು ಮೆಟ್ಟಿಲಾಗಿ ಏರಿತು.

ಕಾನೂನು ಎಚ್ಚೆತ್ತದ್ದು ಆ ಬಳಿಕ. ಬ್ಯಾಂಕು ಮುಳುಗಿದರೆ ಠೇವಣಿದಾರನಿಗೆ ಸಿಗುವ ವಿಮೆ 2020ರ ಫೆಬ್ರವರಿಯಲ್ಲಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. ವ್ಯವಹಾರ ನಿಲ್ಲಿಸಿದ ಬ್ಯಾಂಕಿನವರಿಗೆ ಅದನ್ನು 90 ದಿನದೊಳಗೆ ಕೊಡಬೇಕೆಂಬ ನಿಯಮ 2021ರದು. ಈ 5 ಲಕ್ಷವೆಂದರೆ ಒಂದು ಬ್ಯಾಂಕಿನ ಎಲ್ಲ ಶಾಖೆಗಳಲ್ಲಿ ಒಬ್ಬನ ಹೆಸರಿನಲ್ಲಿರುವ ಅಸಲು ಬಡ್ಡಿ ಎಲ್ಲ ಕೂಡಿ. ಶಾಖೆಗೊಂದು ಎಂದು ತಿಳಿದವರು ನಮ್ಮಲ್ಲಿ ಬಹಳ.

ಇನ್ನು ಚಾಳಿನ ಬಾಗಿಲಿಗೇ ಬಂದು ದಿನದ ಪಿಗ್ಮಿ ಒಯ್ಯುವ ಪತಪೇಢಿಗಳು. ಬಡ್ಡಿ ತುಸು ಹೆಚ್ಚೇ, ಒಯ್ಯುವ ಹುಡುಗನೂ ಪರಿಚಿತನೇ. ಆದರೆ ಪತಪೇಢಿ ಬ್ಯಾಂಕಲ್ಲ. ಅಲ್ಲಿಟ್ಟ ಹಣಕ್ಕೆ ಈ ವಿಮೆಯಿಲ್ಲ.